ಎಚ್ಚರ ಇರುವವರು ಯಾರು?

ಕಳೆದ ದೀಪಾವಳಿಗೆ ಪುಣೆಯಿಂದ ಬಂದಿದ್ದ ಅಕ್ಕನ ಮಗ ಊಟದ ತಾಟಿನ ಮುಂದೆ ಕೂತೇ ಎಡಗೈಯಲ್ಲಿ ಮೊಬೈಲು ಹಿಡಿದು ನನಗೆ ಎರಡು ಟೆಂಟುಗಳ ಚಿತ್ರ ತೋರಿಸಿದ. “ಮಾಮಾ, ಇವೆರಡರಾಗ ಯಾವುದು ಚಲೋ ಹೇಳ್ರಿ” ಎಂದ. ಫೆಬ್ರುವರಿಯಲ್ಲಿ ಅವನೂ ಅವನ ಐವರು ಗೆಳೆಯರೂ ಹಿಮಾಚಲದ ಸ್ಪಿತಿಗೆ ಹೋಗುವವರಿದ್ದರು. ಒಂದೇ ಕಡೆ ಟೆಂಟು ಹಾಕಿ ಎಂಟು ದಿನ ಇದ್ದು, ಹಗಲು ಸುತ್ತಾಡಿ ರಾತ್ರಿ ಅಲ್ಲಿಗೇ ಮರಳುವುದು. ಅಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ಹೊಸದೇನಲ್ಲ. ಆದ್ದರಿಂದ ಒಳಗೆ ಒಲೆ ಹೊತ್ತಿಸಬಹುದಾದ ಟೆಂಟೇ ಬೇಕು.

ಒಂದು ಟೆಂಟು ನೈಲಾನಿನದು, ಹಗುರ. ಇನ್ನೊಂದು ದಪ್ಪ ಹತ್ತಿ ಕ್ಯಾನ್ವಾಸಿನದು. ನಾಲ್ಕೂ ಕಡೆ ನೆಟ್ಟಗೆ ನಿಂತ ಬಟ್ಟೆಯ ಗೋಡೆ, ಮೇಲೆ ಮನೆಯ ಹಾಗೆ ಇಳಿಜಾರು ಮಾಡು. ಬ್ರಿಟಿಷರ ಕಾಲದ ಸಾಹೇಬರು ಕ್ಯಾಂಪಿಗೆ ಬಂದಾಗ ಊರ ಹೊರಗೆ ಹಾಕಿಸುತ್ತಿದ್ದಂಥದು. ಒಳಗೆ ನೆಟ್ಟಗೆ ನಿಲ್ಲಬಹುದು, ಒದ್ದೆ ಬಟ್ಟೆ ಒಣಹಾಕಬಹುದು. ಒಲೆಯ ಕೊಳವೆ ಹೊರಗೆ ಹೋಗಲು ಮಾಡಿನಲ್ಲಿ ಒಂದು ತೂತು, ಅದರ ಸುತ್ತ ಬೆಂಕಿ ತಡೆಯುವ ಬಟ್ಟೆಯ ಪಟ್ಟಿ. ನೈಲಾನಿಗೆ ಕಿಡಿ ಬಿದ್ದರೆ ಕರಗಿ ತೂತಾಗುತ್ತದೆ. ಮನುಷ್ಯರ ಉಸಿರಿನ ಆವಿ ಒಳಮೈಗೆ ಹನಿಗಟ್ಟಿ ಹಾಸಿಗೆ ತೊಯ್ಯುತ್ತದೆ. ಹತ್ತಿ ಉಸಿರಾಡುತ್ತದೆ, ಆದರೆ ಭಾರ. ಒದ್ದೆಯಾದರೆ ಇನ್ನೂ ಭಾರ. ಹುಡುಗ ಇದನ್ನೆಲ್ಲ ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದ. ನನ್ನನ್ನು ಕೇಳಿದ್ದು ಹಿರಿಯನೆಂಬ ಮರ್ಯಾದೆಗೆ.

ನಾನು ಕೂಡಲೇ ಉತ್ತರ ಕೊಡಲಿಲ್ಲ. ನಾನೂ ಒಮ್ಮೆ ಇಂಥ ಆಯ್ಕೆ ಮಾಡಿದ್ದೆ. ನನಗಾಗಿ ಅಲ್ಲ, ಬೇರೆಯವರಿಗಾಗಿ.

ನಮ್ಮದು ಕೃಷ್ಣಾ ದಂಡೆಯ ಊರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳಲ್ಲಿ ನೀರು ಹರಿದಲ್ಲೆಲ್ಲ ಕಬ್ಬು. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ಆಮೇಲೆ ಎಷ್ಟೋ ಚಿಮಣಿಗಳು ಎದ್ದವು. ದೀಪಾವಳಿಯ ಆಸುಪಾಸಿಗೆ ಹಂಗಾಮು ಶುರುವಾದರೆ ಮರಾಠವಾಡದ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ಗಂಡ ಹೆಂಡತಿ ಸೇರಿದರೆ ಒಂದು ‘ಕೊಯತಾ’. ಕುಡುಗೋಲಿನ ಹೆಸರೇ ಆ ಜೋಡಿಯ ಹೆಸರು, ಲೆಕ್ಕದ ವಹಿಯಲ್ಲೂ ಹಾಗೇ. ಮುಕಾದಮನಿಂದ ಮುಂಗಡ ಹಣ ತಂದಿರುತ್ತಾರೆ, ಟನ್ನಿನ ಲೆಕ್ಕದಲ್ಲಿ ಕಡಿದು ಅದನ್ನು ತೀರಿಸುತ್ತಾರೆ. ಹೊಲದ ಅಂಚಿನಲ್ಲೋ ಕಾರ್ಖಾನೆಯ ಬಯಲಲ್ಲೋ ಬಿದಿರು ಬಗ್ಗಿಸಿ, ಮೇಲೆ ಕಬ್ಬಿನ ರವದಿಯನ್ನೋ ಹರಕು ಹಾಳೆಯನ್ನೋ ಹೊದಿಸಿ ಮನೆ ಮಾಡಿಕೊಳ್ಳುತ್ತಾರೆ. ಅದಕ್ಕೆ ಅವರು ‘ಕೋಪಿ’ ಎನ್ನುತ್ತಾರೆ. ಮಾರ್ಚ್ ಏಪ್ರಿಲ್‌ವರೆಗೆ ಆ ಕೋಪಿಯೇ ಅಡುಗೆಮನೆ, ಅದೇ ಬಾಣಂತಿಕೋಣೆ. ಹೊಳೆದಂಡೆಯ ಚಳಿ ಸ್ಪಿತಿಯ ಚಳಿಯಲ್ಲ. ಆದರೆ ನೀರುಣಿಸಿದ ಹೊಲದ ಬದುವಿನಲ್ಲಿ, ಬೆಳಗಿನ ಜಾವ ಮಂಜು ಇಳಿಯುವಾಗ, ನೆಲದ ಮೇಲೆ ಮಲಗಿದವರಿಗೆ ಆ ವ್ಯತ್ಯಾಸ ದೊಡ್ಡ ಸಮಾಧಾನವಲ್ಲ.

ಎಂಟು ವರ್ಷದ ಹಿಂದಿನ ಜನವರಿ. ಚಳಿ ಜೋರಿತ್ತು. ನಮ್ಮ ಹೊಲದಂಚಿನಲ್ಲಿ ಐದು ಕೋಪಿ. ಒಂದರಲ್ಲಿ ತಿಂಗಳ ಬಾಣಂತಿ. ಬೆಳಿಗ್ಗೆ ಸ್ವೆಟರು ಹಾಕಿಕೊಂಡು ಗಾಡಿಯ ಮೇಲೆ ಕಾಲೇಜಿಗೆ ಹೋಗುವಾಗ ಆ ಕೂಸಿನ ಅಳು ಕೇಳುತ್ತಿತ್ತು. ಒಂದು ದಿನ ಚಿಕ್ಕೋಡಿ ಪೇಟೆಯಲ್ಲಿ ಐದು ನೀಲಿ ತಾಡಪತ್ರಿ ಕೊಂಡು ತಂದೆ. ನಾನೇ ನಿಂತು ಹೊದಿಸಿದೆ. ಗಾಳಿ ಒಂದಿಷ್ಟೂ ನುಸುಳದ ಹಾಗೆ ನಾಲ್ಕೂ ಕಡೆ ನೆಲದವರೆಗೆ ಎಳೆದು, ಅಂಚಿಗೆ ಕಲ್ಲು ಹೇರಿಸಿದೆ. ಟೋಳಿಯವರು ಕೈಮುಗಿದರು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಆ ನಿದ್ದೆಯನ್ನು ನಾನು ಮರೆತಿಲ್ಲ.

ಮೂರನೆಯ ರಾತ್ರಿ ಬಾಣಂತಿಯ ಗಂಡ ಕಬ್ಬಿಣದ ಬುಟ್ಟಿಯಲ್ಲಿ ನಿಗಿನಿಗಿ ಕೆಂಡ ತುಂಬಿ ಒಳಗೆ ಇಟ್ಟ. ಹೊಗೆ ಇರಲಿಲ್ಲ, ಅದಕ್ಕೇ ಯಾರಿಗೂ ಭಯವೂ ಇರಲಿಲ್ಲ. ಹೊಗೆಯಿಲ್ಲದ ಕೆಂಡವೇ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ರವದಿಯ ಕೋಪಿಯಾಗಿದ್ದರೆ ಸಾವಿರ ಸಂದುಗಳಿಂದ ಅದು ಹೊರಗೆ ಹೋಗಿಬಿಡುತ್ತಿತ್ತು. ಆ ಸಂದುಗಳನ್ನೆಲ್ಲ ನಾನು ಮುಚ್ಚಿಸಿದ್ದೆ.

ಮೂರು ಗಂಟೆಗೆ ಲಾರಿ ತುಂಬಲು ಎದ್ದ ಪಕ್ಕದ ಕೋಪಿಯ ಹೆಂಗಸಿಗೆ ಕೂಸಿನ ಅಳು ಕೇಳದ್ದು ವಿಚಿತ್ರವೆನಿಸಿತಂತೆ. ಕೂಗಿದರೆ ಉತ್ತರವಿಲ್ಲ. ತಾಡಪತ್ರಿ ಕಿತ್ತೆಸೆದು ಮೂವರನ್ನೂ ಹೊರಗೆಳೆದರು. ನಾನು ಓಡಿ ಹೋಗುವಷ್ಟರಲ್ಲಿ ಆ ತಾಯಿ ಬದುವಿನ ಮೇಲೆ ಕೂತು ವಾಂತಿ ಮಾಡುತ್ತಿದ್ದಳು, ಗಂಡ ತಲೆ ಹಿಡಿದುಕೊಂಡಿದ್ದ. ಕೂಸು ಯಾರದೋ ಮಡಿಲಲ್ಲಿ ಆಗಷ್ಟೇ ಸಣ್ಣಗೆ ಅಳತೊಡಗಿತ್ತು. ಜೀಪು ಮಾಡಿ ದವಾಖಾನೆಗೆ ಕರೆದುಕೊಂಡು ಹೋದೆವು. ಮೂವರೂ ಉಳಿದರು.

ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಮುಕಾದಮನೇ ಬಂದು, “ಮಾಲಕ, ನಿಮಗ ತ್ರಾಸ ಆತು” ಎಂದು ಕ್ಷಮೆ ಕೇಳಿದ. ಎರಡು ದಿನ ಬಿಟ್ಟು ಆ ಗಂಡ ತಾಡಪತ್ರಿಯನ್ನು ಒರೆಸಿ ಮಡಚಿ ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋದ. ಉಳಿದ ನಾಲ್ಕು ಏನಾದವು ಎಂದು ನೋಡಲು ಹೋದೆ. ಅವರು ಅವನ್ನು ಮೇಲಿನಿಂದ ತೆಗೆದು ನೆಲಕ್ಕೆ ಹಾಸಿ, ಮೇಲೆ ದಪ್ಪಗೆ ರವದಿ ಹರವಿ, ಅದರ ಮೇಲೆ ಮಲಗುತ್ತಿದ್ದರು. ಯಾಕೆ ಎಂದೆ. “ಥಂಡಿ ಮ್ಯಾಲಿಂದ ಬರೂದಿಲ್ರಿ, ನೆಲದಾಗಿಂದ ಬರತೈತಿ” ಎಂದರು. ಮಂಜುಬೆಟ್ಟ ಹತ್ತುವವರೂ ಇದನ್ನೇ ಹೇಳುತ್ತಾರೆ: ಮಲಗಿದ ಮೈಯ ಬಿಸಿಯನ್ನು ನೆಲ ಹೀರುತ್ತದೆ, ಹೊದಿಕೆಗಿಂತ ಮೊದಲು ಹಾಸಿಗೆ ನೋಡು ಎಂದು. ಮೊದಲೇ ಕೇಳಿದ್ದರೆ ನನಗೂ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ಓದುವ ದಿನಗಳಲ್ಲಿ ತತ್ವಶಾಸ್ತ್ರ ನನ್ನ ವಿಷಯವಾಗಿತ್ತು. ಆಗ ನನಗೆ ಬಹಳ ಹಿಡಿಸಿದ್ದು ಕಾಂಟ್ 1785ರಲ್ಲಿ ಬರೆದ ಒಂದು ವಿಚಾರ: ಸದುದ್ದೇಶ ಏನನ್ನೂ ಸಾಧಿಸದೆ ಹೋದರೂ ರತ್ನದ ಹಾಗೆ ತನ್ನ ಬೆಳಕಿನಿಂದಲೇ ಹೊಳೆಯುತ್ತದೆ ಎಂಬುದು. ಆ ಜನವರಿಯ ನಂತರ ಎಷ್ಟೋ ದಿನ ಆ ರತ್ನವನ್ನು ಹಿಡಿದುಕೊಂಡು ಕೂತೆ. ನನ್ನ ಉದ್ದೇಶ ಒಳ್ಳೆಯದಿತ್ತು. ಫಲ ನನ್ನ ಕೈಯಲ್ಲಿರಲಿಲ್ಲ. ಅಷ್ಟು ಸಾಕಲ್ಲವೇ? ಒಂದು ದಿನ ಆ ಪುಟವನ್ನು ಮತ್ತೆ ತೆಗೆದು ಓದಿದೆ. ಅದೇ ಜಾಗದಲ್ಲಿ ಕಾಂಟ್ ಒಂದು ಷರತ್ತು ಹಾಕಿದ್ದಾನೆ, ನಾನು ಅದನ್ನು ಹಾರಿಸಿ ಓದಿದ್ದೆ. ಸದುದ್ದೇಶ ಎಂದರೆ ಬರೀ ಹಾರೈಕೆ ಅಲ್ಲ. ನಮ್ಮ ಕೈಲಾದ ಎಲ್ಲ ಸಾಧನಗಳನ್ನೂ ಬಳಸುವುದು. ಕೇಳುವುದು ನನ್ನ ಕೈಲಾಗುತ್ತಿತ್ತು. ಅದಕ್ಕೆ ಒಂದು ಪೈಸೆ ಖರ್ಚಿರಲಿಲ್ಲ. ಐದು ತಾಡಪತ್ರಿಗೆ ದುಡ್ಡು ಕೊಡುವುದು ನನಗೆ ಸುಲಭವಾಗಿತ್ತು, ಒಂದು ಪ್ರಶ್ನೆ ಕೇಳುವುದು ಹೊಳೆದೇ ಇರಲಿಲ್ಲ. ಯಾಕೆಂದರೆ ಕೇಳಬೇಕಾದರೆ ಅವರಿಗೆ ನನಗಿಂತ ಹೆಚ್ಚು ಗೊತ್ತಿದೆ ಎಂದು ಮೊದಲು ಒಪ್ಪಬೇಕು. ಅಂದಮೇಲೆ ನನ್ನದು ವಿಫಲವಾದ ಸದುದ್ದೇಶವೂ ಅಲ್ಲ. ಅರ್ಧಕ್ಕೇ ನಿಂತ ಸದುದ್ದೇಶ.

ಇಲ್ಲಿ ನೀವು ಇನ್ನೊಂದು ಮಾತು ಕೇಳಬಹುದು. ಯಾವ ತಾಡಪತ್ರಿ ಎಂಬುದು ಪ್ರಶ್ನೆಯೇ? ತಾಡಪತ್ರಿಯ ಕೆಳಗೆ ಯಾಕೆ ಮಲಗಬೇಕು ಎಂಬುದಲ್ಲವೇ ಪ್ರಶ್ನೆ? ಹೌದು. ನನ್ನ ಸೋದರಳಿಯ ಚಳಿಯನ್ನು ಹುಡುಕಿಕೊಂಡು ಹೋಗುವವನು, ಸಾಕೆನಿಸಿದಾಗ ವಾಪಸು ಬರುವವನು. ಅವರು ಮುಂಗಡ ತೀರುವವರೆಗೆ ಚಳಿಯಲ್ಲೇ ಇರಬೇಕಾದವರು. ಅವರು ಕಡಿದ ಕಬ್ಬಿನ ಬಿಲ್ಲು ನನ್ನ ಖಾತೆಗೆ ಬರುತ್ತದೆ. ಆ ಲೆಕ್ಕದಲ್ಲಿ ನನ್ನ ತಾಡಪತ್ರಿ ದಾನವಾಗಿರಲಿಲ್ಲ, ಸಾಲದಲ್ಲಿ ಒಂದಿಷ್ಟು ತೀರಿಸಿದ್ದು. ಆದರೆ ವ್ಯವಸ್ಥೆ ಬದಲಾಗುವವರೆಗೂ ಪ್ರತಿ ಹಂಗಾಮಿನಲ್ಲಿ ಒಂದು ಜನವರಿ ಇರುತ್ತದೆ. ದೊಡ್ಡ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಜನವರಿಯ ರಾತ್ರಿಯಿಂದ ತಪ್ಪಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಇಷ್ಟನ್ನೂ ಸೋದರಳಿಯನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿದ. ಡಿಸೆಂಬರಿನಲ್ಲಿ ಕ್ಯಾನ್ವಾಸಿನ ಟೆಂಟನ್ನೂ ಒಲೆಯನ್ನೂ ಬಾಡಿಗೆಗೆ ತಂದ. ಸ್ಪಿತಿಗೆ ಮೊದಲು ನಮ್ಮ ಹೊಲದಲ್ಲಿ ಒಂದು ರಾತ್ರಿ ಮಲಗಿ ನೋಡೋಣ ಎಂದ. ಕಬ್ಬು ಕಡಿದು ಬಯಲಾದ ಜಾಗದಲ್ಲಿ ಇಬ್ಬರೂ ಸೇರಿ ಹಾಕಿದೆವು. ಆ ವರ್ಷದ ಟೋಳಿ ಬೇರೆ, ಜನ ಬೇರೆ. ಸಂಜೆ ಅವರಲ್ಲಿ ಹಿರಿಯಳಾದ ಒಬ್ಬ ಮಾವಶಿ ನೋಡಲು ಬಂದಳು. ಕ್ಯಾನ್ವಾಸನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಒಲೆಯ ಬಾಗಿಲು ತೆಗೆದು ಮುಚ್ಚಿದಳು. ಹೊಗೆ ಎಲ್ಲಿಂದ ಹೋಗುತ್ತದೆ ಎಂದು ಕೇಳಿದಳು. ಸೋದರಳಿಯ ಕೊಳವೆ ತೋರಿಸಿದ. ಗಾಳಿ ಎಲ್ಲಿಂದ ಬರುತ್ತದೆ ಎಂದಳು. ಕೆಳಗೆ ಬಿಟ್ಟ ಸಂದು, ಮೇಲಿನ ಕಿಂಡಿ ತೋರಿಸಿದ. ತಲೆಯಾಡಿಸಿ ಆಮೇಲೆ ಕೇಳಿದಳು: “ಮಗ ಜಾಗಂ ಕೋಣ ರಾಹತಂ?” ಹಾಗಾದರೆ ಎಚ್ಚರ ಇರುವವರು ಯಾರು?

ಟೆಂಟಿನ ಬಗ್ಗೆ ಅಷ್ಟೆಲ್ಲ ಓದಿದ್ದ ಹುಡುಗನ ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಅವಳಿಗೋ ಅದು ಮೊದಲ ಪ್ರಶ್ನೆ. ಬೆಂಕಿ ಇರುವ ಕಡೆ ಎಲ್ಲರೂ ಮಲಗುವಂತಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ನಮ್ಮ ಕಡೆಯ ಕುರುಬರಿಗೂ ಅಲ್ಲ. ನಿಪ್ಪಾಣಿ ಬಳಿಯ ಅಕ್ಕೋಳದಲ್ಲಿ ಹುಟ್ಟಿದ ಬಾಳುಮಾಮಾನ ಹೆಸರಿನ ಕುರಿಹಿಂಡುಗಳು ಈಗಲೂ ಊರೂರು ತಿರುಗುತ್ತವೆ. ತಮ್ಮ ಹೊಲದಲ್ಲಿ ಅವು ತಂಗಿದರೆ ರೈತರು ಭಾಗ್ಯವೆಂದುಕೊಳ್ಳುತ್ತಾರೆ. ಹೊಲದಲ್ಲಿ ಕುರಿ ತರುಬಿದ ರಾತ್ರಿ ಕುರುಬರಿಗೆ ಟೆಂಟಿಲ್ಲ, ಕಂಬಳಿಯ ಕೊಪ್ಪೆಯೇ ಮಾಡು. ಆದರೆ ಬೆಂಕಿಯ ಪಕ್ಕ ಒಬ್ಬ ಕೂತಿರುತ್ತಾನೆ. ಉಳಿದವರ ನಿದ್ದೆ ಅವನ ಎಚ್ಚರದ ಮೇಲೆ ನಿಂತಿರುತ್ತದೆ.

“ಮಾಮಾ, ಇದಕ್ಕ ಮಶೀನು ಐತಿ” ಎಂದ ಸೋದರಳಿಯ. ವಿಷಗಾಳಿ ಹೆಚ್ಚಾದರೆ ಕೂಗುವ ಪುಟ್ಟ ಯಂತ್ರ. ಕೊಳ್ಳು ಎಂದೆ, ಎರಡು ಕೊಳ್ಳು ಎಂದೆ. ಬೆಂಕಿಯೇ ಬೇಡದ ಟೆಂಟೂ ಬಂದಿದೆ ಎಂದ. ನಿಜ. ಲಡಾಖಿನ ಸೋನಂ ವಾಂಗ್ಚುಕ್ 2021ರ ಫೆಬ್ರುವರಿಯಲ್ಲಿ ಸೈನಿಕರಿಗೆಂದು ಅಂಥದೊಂದನ್ನು ಮಾಡಿ ತೋರಿಸಿದರು. ಹಗಲಿನ ಬಿಸಿಲನ್ನು ಕೂಡಿಟ್ಟು ರಾತ್ರಿ ಕೊಡುವ ಟೆಂಟು. ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗೆ ಇಳಿಯುವ ಕಡೆ, ರಾತ್ರಿ ಹತ್ತಕ್ಕೆ ಒಳಗೆ 15 ಡಿಗ್ರಿ. ಹತ್ತು ಜನಕ್ಕೆ ಜಾಗ. ಬಿಡಿಭಾಗ ಯಾವುದೂ 30 ಕಿಲೋ ಮೀರುವುದಿಲ್ಲ ಎಂದು ಹೇಳಿದರು. ಸೀಮೆಎಣ್ಣೆ ಬೇಡ, ಹೊಗೆ ಬೇಡ. ಇಂಥದು ಹೊಲದಂಚಿಗೂ ಬರುವ ಕಾಲ ಬರಲಿ. ಆದರೆ ಅಲ್ಲೂ ಆ ಮಾವಶಿಯ ಪ್ರಶ್ನೆ ಪೂರ್ತಿ ತಪ್ಪುವುದಿಲ್ಲ. ಆ ಟೆಂಟು ಹುಟ್ಟಿದ್ದು, ಚಳಿಯಲ್ಲಿ ಮಲಗುವವರಿಗೆ ಏನು ಬೇಕು ಎಂದು ಒಬ್ಬರು ನಿದ್ದೆಗೆಟ್ಟು ಯೋಚಿಸಿದ್ದರಿಂದ. ಎಂಟು ವರ್ಷದ ಹಿಂದೆ ಆ ಮೂವರನ್ನು ಉಳಿಸಿದ್ದು ಪಕ್ಕದ ಕೋಪಿಯಲ್ಲಿ ಎಚ್ಚರವಿದ್ದ ಹೆಂಗಸು. ಅವಳು ಎಚ್ಚರವಿದ್ದದ್ದು ನನ್ನ ಕಬ್ಬು ತುಂಬಲಿಕ್ಕೆ.

ಆ ರಾತ್ರಿ ನಾವು ಪಾಳಿ ಹಾಕಿಕೊಂಡೆವು. ನೆಲಕ್ಕೆ ತಾಡಪತ್ರಿ, ಅದರ ಮೇಲೆ ರವದಿ, ಅದರ ಮೇಲೆ ಹಾಸಿಗೆ. ಎರಡರಿಂದ ನಾಲ್ಕು ನನ್ನ ಪಾಳಿ. ಒಲೆಗೆ ಸಣ್ಣ ಕಟ್ಟಿಗೆ ಹಾಕುತ್ತ, ಸೋದರಳಿಯನ ಉಸಿರು ಕೇಳುತ್ತ ಕೂತೆ. ಇನ್ನೊಬ್ಬರು ಬೆಚ್ಚಗೆ ಮಲಗಲೆಂದು ಎಚ್ಚರವಿರುವುದು ನನಗೆ ಬಹುಶಃ ಅದೇ ಮೊದಲು. ಎರಡು ಗಂಟೆ ಬಹಳ ಉದ್ದ. ಮೂರಕ್ಕೆ ಕೋಪಿಗಳಲ್ಲಿ ಕೆಮ್ಮು ಕೇಳಿತು, ಪಾತ್ರೆ ಸದ್ದಾಯಿತು. ಹೊರಗೆ ಬಂದೆ. ಮಾವಶಿ ಮೂರು ಕಲ್ಲಿನ ಒಲೆಯ ಮುಂದೆ ಚಹಾಕ್ಕೆ ನೀರಿಟ್ಟಿದ್ದಳು. ನನ್ನನ್ನು ನೋಡಿ, ನೀವೇ ಎದ್ದಿದ್ದೀರಾ ಎಂದು ನಕ್ಕಳು. ನಿಮಗೇನು ಬೇಕು ಮಾವಶಿ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, ಪಂಪಿನ ಮನೆಯಿಂದ ಒಂದು ಬಲ್ಬು ಎಳೆದುಕೊಡಿ, ರಾತ್ರಿ ಹೆಣ್ಣುಮಕ್ಕಳಿಗೆ ಹೊರಗೆ ಹೋಗಲು ಹೆದರಿಕೆ ಎಂದಳು. ಚಳಿಯ ಮಾತನ್ನೇ ಎತ್ತಲಿಲ್ಲ.

ಮರುದಿನ ವೈರು ಎಳೆಸಿದೆ. ಸೋದರಳಿಯ ಕ್ಯಾನ್ವಾಸಿನದನ್ನೇ ಆಯ್ದ. ಸ್ಪಿತಿಯಲ್ಲಿ ಆರು ಜನ ಎರಡೆರಡು ಗಂಟೆ ಪಾಳಿ ಮಾಡಿದರಂತೆ. ಬರುವ ನವೆಂಬರಿಗೆ ಇನ್ನೊಂದು ಟೋಳಿ ಬರುತ್ತದೆ. ಅವರಿಗೆ ಬೇಕಾದ್ದು ಬಲ್ಬೇ ಆಗಿರಲಿಕ್ಕಿಲ್ಲ, ಮತ್ತೆ ಕೇಳಬೇಕು. ಮಡಚಿ ವಾಪಸು ಕೊಟ್ಟ ಆ ಐದನೆಯ ತಾಡಪತ್ರಿ ಇನ್ನೂ ನಮ್ಮ ಅಟ್ಟದ ಮೇಲೆ ಇದೆ.