ನಮ್ಮ ಐಕ್ಳ ಶಕ್ತಿಗೆ ಒಡೆಯರು ಯಾರು?

ಪ್ರತಿಯೊಂದು ಮಗುವಿನಲ್ಲೂ ಒಂದು ಶಕ್ತಿ ಇರ್ತದೆ, ಅದನ್ನು ಗುರುತಿಸಿ ಹೊರಗೆ ತರೋದೇ ಶಿಕ್ಷಣ ಅಂತ ಭಾಷಣ ಮಾಡದ ಹೆಡ್‌ಮೇಷ್ಟ್ರು ನಮ್ಮ ಹೈಸ್ಕೂಲುಗಳಲ್ಲಿ ಇಲ್ಲ. ಆಗಸ್ಟ್ 15ಕ್ಕೆ ಒಂದು ಸಾರಿ, ಸ್ಕೂಲ್ ಡೇಗೆ ಒಂದು ಸಾರಿ ಈ ಮಾತು ಮೈಕಿನಲ್ಲಿ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅದರ ಹೊಟ್ಟೆಯೊಳಗೆ ಎರಡು ಪ್ರಶ್ನೆಗಳು ಅಡಗಿ ಕೂತಿವೆ. ಗುರುತಿಸುವವರು ಯಾರು? ಹೊರಗೆ ತಂದ ಮೇಲೆ ಆ ಶಕ್ತಿ ಯಾರ ಮನೆಯ ಕೆಲಸಕ್ಕೆ ಹೋಗುತ್ತದೆ?

ಈ ದೇಶದಲ್ಲಿ ನಮ್ಮ ಜನರ ಶಕ್ತಿಯನ್ನು ಯಾರೂ ಗುರುತಿಸಲಿಲ್ಲ ಅನ್ನೋದು ಅರ್ಧ ಸತ್ಯ. ಚೆನ್ನಾಗಿಯೇ ಗುರುತಿಸಿದರು. ಹೊಲೆಯನ ತೋಳು ಗದ್ದೆಗೆ, ಮಾದಿಗನ ಕೈ ಚರ್ಮಕ್ಕೆ ಅಂತ ಹುಟ್ಟುವ ಮೊದಲೇ ಬರೆದಿಟ್ಟರು. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡ್ತಾರಲ್ಲ, ಬೆನ್ನು ತಟ್ಟಿ ನೋಡ್ತಾರಲ್ಲ, ಅದೂ ಶಕ್ತಿ ಗುರುತಿಸುವ ಕೆಲಸವೇ. ಎತ್ತಿಗೆ ಅದರಿಂದ ಸಿಕ್ಕಿದ್ದು ನೊಗ. ಹಾಗಾಗಿ ಶಕ್ತಿ ಗುರುತಿಸೋದು ಒಳ್ಳೇ ಕೆಲಸ ಅಂತ ಕಣ್ಣು ಮುಚ್ಚಿ ಒಪ್ಪಿಕೊಳ್ಳೋಕೆ ನಮ್ಮಿಂದ ಆಗಲ್ಲ.

ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದವರು ನಾವು. ನಮ್ಮ ಪ್ರೋಗ್ರೆಸ್ ರಿಪೋರ್ಟುಗಳ ಮೇಲೆ ಇದ್ದದ್ದು ಅವ್ವನ ಹೆಬ್ಬೆಟ್ಟು. ಈಗ ಭಾನುವಾರ ಸಂಜೆ ಹಾಸ್ಟೆಲುಗಳಿಗೆ, ಕೇರಿಯ ಅಂಬೇಡ್ಕರ್ ಭವನಗಳಿಗೆ ಹೋಗಿ ಒಂಬತ್ತು, ಹತ್ತನೇ ಕ್ಲಾಸಿನ ಐಕ್ಳ ಜೊತೆ ಕೂರ್ತೇವೆ. ನಿನಗೆ ಏನು ಚೆನ್ನಾಗಿ ಬರ್ತದೆ ಅಂತ ಕೇಳಿದರೆ ಬಹಳ ಜನ ತಲೆ ತಗ್ಗಿಸ್ತಾರೆ. 'ಏನೂ ಬರಲ್ಲ ಅಣ್ಣ' ಅಂತಾರೆ. ಹಾಗೆ ಹೇಳೋ ಹುಡುಗಿ ಬೆಳಗ್ಗೆ ಐದಕ್ಕೆ ಎದ್ದು, ಕೊಳಾಯಿ ಹತ್ತಿರದ ಜಗಳ ಬಿಡಿಸಿ, ನೀರು ಹೊತ್ತು, ತಮ್ಮನಿಗೆ ಲೆಕ್ಕ ಹೇಳಿಕೊಟ್ಟು, ಸಂಘದ ಸಾಲದ ಕಂತನ್ನು ಅವ್ವನ ಪುಸ್ತಕದಲ್ಲಿ ಬರೆದು ಸ್ಕೂಲಿಗೆ ಬಂದಿರ್ತಾಳೆ. ನ್ಯಾಯ ಮಾಡೋದು ಅವಳಿಗೆ ಬರುತ್ತದೆ. ಕಲಿಸೋದು ಬರುತ್ತದೆ. ಬಡ್ಡಿ ಲೆಕ್ಕ ಬರುತ್ತದೆ. ಇವು ಶಕ್ತಿಗಳು ಅಂತ ಅವಳಿಗೆ ಯಾರೂ ಹೇಳಿಲ್ಲ. ಅಂಕಪಟ್ಟಿಯಲ್ಲಿ ಇವಕ್ಕೆ ಕಾಲಂ ಇಲ್ಲ.

ಹಾಗಾದರೆ ಸ್ಕೂಲು ನಮ್ಮ ಐಕ್ಳಲ್ಲಿ ಏನನ್ನು ಗುರುತಿಸುತ್ತದೆ? ಜನವರಿ 26ರ ಮೆರವಣಿಗೆಗೆ ತಮಟೆ ಬೇಕು ಅಂದಾಗ ನಮ್ಮ ಹುಡುಗನ ನೆನಪಾಗುತ್ತದೆ. 'ನಿಮಗೆ ಇದು ರಕ್ತದಲ್ಲೇ ಬಂದದ್ದು ಕಣೋ' ಅಂತ ಬೆನ್ನು ತಟ್ಟುತ್ತಾರೆ. ಅದೇ ಹುಡುಗ ವಿಜ್ಞಾನದ ಪಿರಿಯಡ್ಡಿನಲ್ಲಿ ಕೈ ಎತ್ತಿದರೆ ಮೇಷ್ಟ್ರ ಕಣ್ಣು ಮುಂದಿನ ಬೆಂಚಿಗೆ ಹಾರುತ್ತದೆ. ಕೆಲವು ಕಡೆ ಗುರುತಿಸುವ ರೀತಿ ಇನ್ನೂ ಹೇಸಿಗೆಯದು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡೆಲ್ಲ ಓದಿತು. ಮಲ ಹೊರುವ ಕೆಲಸಕ್ಕೆ ಯಾರನ್ನೂ ಹಚ್ಚಬಾರದು ಅಂತ ಕಾನೂನು ಬಂದು ಆಗ 10 ವರ್ಷ ಆಗಿತ್ತು. ಕಾನೂನು ದೆಹಲಿಯಲ್ಲಿ ಬದಲಾದರೂ ಯಾರ ಮೈ ಯಾವ ಕೆಲಸಕ್ಕೆ ಅನ್ನುವ ಪಟ್ಟಿ ಈ ನೆಲದ ತಲೆಯಲ್ಲಿ ಬದಲಾಗಿಲ್ಲ.

ತಮಟೆ ಕೀಳು ಅಂತ ನಾವು ಹೇಳ್ತಿಲ್ಲ. 2023ರಲ್ಲಿ ತಮಟೆಯ ಕಲಾವಿದ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಕೇರಿಗಳ ಎದೆ ಉಬ್ಬಿತು. ಚರ್ಮಕ್ಕೆ ಎಷ್ಟು ಬಿಸಿ ತಾಕಿದರೆ ನಾದ ಏಳುತ್ತದೆ, ಎಷ್ಟು ತಾಕಿದರೆ ಸುಟ್ಟುಹೋಗುತ್ತದೆ ಅಂತ ತಿಳಿದ ಕೈ ವಿದ್ಯೆಯ ಕೈ. ಆದರೆ ಊರಿನ ಸಾವಿಗೆ, ಊರಿನ ಜಾತ್ರೆಗೆ ಬಿಟ್ಟಿ ಬಡಿ ಅಂದಾಗ ಒಲ್ಲೆ ಅಂದವರಿಗೆ ಬಹಿಷ್ಕಾರ ಹಾಕಿದ ಊರುಗಳೂ ಇದೇ ನಾಡಿನಲ್ಲಿವೆ. ವೇದಿಕೆಯ ಮೇಲೆ ಕಲೆ, ಊರ ಬಾಗಿಲಲ್ಲಿ ಚಾಕರಿ. ಎರಡು ಕಡೆಯೂ ಅದೇ ತಮಟೆ, ಅದೇ ಕೈ. ವ್ಯತ್ಯಾಸ ಒಂದೇ: ಒಂದು ಕಡೆ ಕೆಳಗಿಡುವ ಹಕ್ಕಿದೆ, ಇನ್ನೊಂದು ಕಡೆ ಇಲ್ಲ.

ನಮ್ಮ ವಾದದ ಬೇರು ಇಲ್ಲಿದೆ. ಯಾವ ಶಕ್ತಿಯನ್ನು ಬಳಸಲು ನಮಗೆ ಹಕ್ಕಿದೆಯೋ, ಬಳಸುವುದಿಲ್ಲ ಅನ್ನಲೂ ಹಕ್ಕಿದೆಯೋ, ಅದು ಮಾತ್ರ ನಮ್ಮ ಶಕ್ತಿ. ಬೇಡ ಅನ್ನಲಾಗದ ಶಕ್ತಿ ಒಡೆಯನದ್ದು. ಅದು ನಮ್ಮ ಮೈಯಲ್ಲಿ ಬಾಡಿಗೆಗೆ ಇರುತ್ತದೆ ಅಷ್ಟೆ.

ಇನ್ನೊಂದು ಹೊಗಳಿಕೆಯನ್ನೂ ನಾವು ಅನುಮಾನದಿಂದ ನೋಡಬೇಕು. 'ನಿಮ್ಮ ಹುಡುಗರಿಗೆ ತಾಳ್ಮೆ ಜಾಸ್ತಿ, ಎದುರು ಮಾತಾಡಲ್ಲ' ಅಂತಾರೆ. ಬೈದರೂ ಸುಮ್ಮನಿರೋದು, ಹಿಂದಿನ ಬೆಂಚಿನಲ್ಲಿ ಮೂರು ವರ್ಷ ಕೂತರೂ ದೂರದೆ ಇರೋದು ಸದ್ಗುಣವಂತೆ. ಅವಮಾನ ನುಂಗೋದನ್ನು ಶಕ್ತಿ ಅಂತ ಕರೆದರೆ ಅವಮಾನ ಮಾಡುವವನ ಕೆಲಸ ಹಗುರ ಆಗುತ್ತದೆ. ಪ್ರಶ್ನೆ ಕೇಳುವ ಹುಡುಗಿಗೆ ಮಾತ್ರ ಅಧಿಕಪ್ರಸಂಗಿ ಅಂತ ಬಿರುದು. ವಕೀಲರ ಮನೆಯ ಮಗ ಅದೇ ಪ್ರಶ್ನೆ ಕೇಳಿದರೆ ಚುರುಕು ಬುದ್ಧಿ. ಒಂದೇ ಗುಣ, ಎರಡು ಹೆಸರು. ನಮ್ಮ ಐಕ್ಳಿಗೆ ಮೊದಲು ಹೇಳಿಕೊಡಬೇಕಾದ್ದು ಇದು: ನಿನ್ನಲ್ಲಿ ಯಾವುದನ್ನು ತಪ್ಪು ಅಂತ ಬೈತಾರೋ ಅದನ್ನು ಒಂದು ಸಲ ತಿರುಗಿಸಿ ನೋಡು. ಅಲ್ಲಿಯೇ ನಿನ್ನ ಶಕ್ತಿ ಇರಬಹುದು.

ಶಕ್ತಿಯನ್ನು ಅರ್ಧ ಗುರುತಿಸಿ ಅರ್ಧ ಮುಚ್ಚಿಡುವುದಕ್ಕೆ ಪಾಲ್ವಂಕರ್ ಬಾಲೂ ಅವರ ಬದುಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ಚಮ್ಮಾರರ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ. ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡು ಎಸೆದು ಎಸೆದು ದೊಡ್ಡ ಬೌಲರ್ ಆದರು. ಆದರೆ ಅಲ್ಲಿ ಬ್ಯಾಟು ಹಿಡಿಯೋಕೆ ಕೊಡಲಿಲ್ಲ. ಬೆವರು ಹರಿಸಿ ಚೆಂಡು ಎಸೆಯೋದು ಕೂಲಿಯವನ ಕೆಲಸ, ಬ್ಯಾಟು ಬೀಸೋದು ದೊರೆಗಳ ಕೆಲಸ. ಮುಂದೆ ಗೆಲ್ಲಬೇಕು ಅಂತ ಹಿಂದೂ ತಂಡದವರು ಅವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗಡೆ ಮಣ್ಣಿನ ಲೋಟ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ಕಿತ್ತರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್ ನಾಯಕರಾಗುವವರೆಗೂ ಆ ಬಾಗಿಲು ತೆರೆಯಲಿಲ್ಲ. ಬಾಲೂ ಅವರ ತೋಳನ್ನು ಗುರುತಿಸಿದರು. ಆ ತೋಳಿನ ಮೇಲೆ ಒಂದು ತಲೆ ಇದೆ ಅಂತ ಗುರುತಿಸಲಿಲ್ಲ. ಇವತ್ತಿಗೂ ನಮ್ಮ ಹುಡುಗರನ್ನು ಕಬಡ್ಡಿ ತಂಡಕ್ಕೆ ಕರೆಯುವ ಸ್ಕೂಲು ಕ್ಲಾಸ್ ಲೀಡರ್ ಮಾಡುವಾಗ ಬೇರೆ ಕಡೆ ನೋಡುತ್ತದೆ.

ಸರ್ಕಾರಗಳೂ ಈ ಆಟ ಆಡಿವೆ. 1953ರಲ್ಲಿ ಮದರಾಸಿನಲ್ಲಿ ರಾಜಾಜಿ ಸರ್ಕಾರ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದಿತು. ಮಕ್ಕಳು ದಿನದಲ್ಲಿ ಒಂದು ಹೊತ್ತು ಶಾಲೆಗೆ ಬರಬೇಕು, ಮಿಕ್ಕ ಹೊತ್ತು ಅಪ್ಪನ ಕಸುಬು ಕಲಿಯಬೇಕು. ಕೇಳೋಕೆ ಚೆಂದ: ಮನೆಯಲ್ಲೇ ಇರುವ ವಿದ್ಯೆಗೆ ಗೌರವ! ಪೆರಿಯಾರರು ಅದನ್ನು ಕುಲಕಸುಬಿನ ಶಿಕ್ಷಣ ಅಂತ ಸರಿಯಾಗಿ ಹೆಸರಿಟ್ಟು ಬೀದಿಗಿಳಿದರು. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿ ಆದ ಮೇಲೆ ಯೋಜನೆ ಮೂಲೆ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ಕ್ಲಾಸಿನಿಂದಲೇ ಬಡಗಿ ಕೆಲಸ, ಕುಂಬಾರಿಕೆ, ತೋಟಗಾರಿಕೆ ಮಕ್ಕಳಿಗೆ ಪರಿಚಯ ಆಗಲಿ ಅನ್ನುತ್ತದೆ. ಎಲ್ಲ ಮಕ್ಕಳೂ ಕಲಿಯಲಿ, ನಮ್ಮ ತಕರಾರಿಲ್ಲ. ಅಗ್ರಹಾರದ ಹುಡುಗ ಚರ್ಮ ಹದ ಮಾಡೋದು ಕಲಿಯಲಿ, ಚಮ್ಮಾರರ ಹುಡುಗಿ ಪ್ರಯೋಗಾಲಯದ ಬೀಗ ತೆಗೆಯಲಿ. ಹಾಗೆ ಅದಲು ಬದಲು ಆಗದೆ ಅವರವರ ಮಕ್ಕಳು ಅವರವರ ಕಸುಬಿಗೇ ಮರಳಿದರೆ ಅದು ಹೊಸ ಚೀಲದಲ್ಲಿ ಹಳೇ ಮನುಸ್ಮೃತಿ.

ಹಾಗಂತ ನಮ್ಮ ಮನೆಯದೆಲ್ಲ ಕಸ, ಮರೆತುಬಿಡು ಅಂತ ಐಕ್ಳಿಗೆ ಹೇಳೋಣವೇ? ಅದೂ ಒಂದು ಹಿಂಸೆ. ಓದಿದ ನಮ್ಮವರಲ್ಲಿ ಕೆಲವರು ಸೈಟು ಮಾಡಿ, ಹೆಸರು ಬದಲಿಸಿ, ಅವ್ವನ ಮಾತನ್ನು ನಾಲಿಗೆಯಿಂದ ತೊಳೆದುಕೊಂಡಿದ್ದಾರೆ. ಬಿತ್ತನೆಗೆ ಯಾವ ಕಾಳು ಎತ್ತಿಡಬೇಕು ಅಂತ ತಿಳಿದ ಅವ್ವ, ಹೆರಿಗೆ ಮಾಡಿಸುವ ಅಜ್ಜಿ, ರಾತ್ರಿಯೆಲ್ಲ ಪದ ಕಟ್ಟಿ ಹಾಡುವ ಅಪ್ಪ, ಇವರು ಅಜ್ಞಾನಿಗಳು ಅಂತ ಸ್ಕೂಲು ಕಲಿಸಿದ್ದು ಸುಳ್ಳು. ಆ ತಿಳಿವಳಿಕೆ ಮಗುವಿನ ಬೇರು. ಬೇರಿನಿಂದ ಯಾವ ಕಡೆಗೆ ಕೊಂಬೆ ಚಾಚಬೇಕು ಅನ್ನೋದು ಮಗುವಿನ ತೀರ್ಮಾನ. ಸೂಲಗಿತ್ತಿಯ ಮೊಮ್ಮಗಳು ಡಾಕ್ಟರೂ ಆಗಬಹುದು, ಸೇತುವೆ ಕಟ್ಟುವ ಎಂಜಿನಿಯರೂ ಆಗಬಹುದು. ಬೇರನ್ನು ನೋಡಿ ಕೊಂಬೆಗೆ ಬೇಲಿ ಹಾಕುವ ಹಕ್ಕು ಮೇಷ್ಟ್ರಿಗೂ ಇಲ್ಲ, ಸಂಘಟನೆಯ ನಾಯಕರಿಗೂ ಇಲ್ಲ, ಕವಿಗಳಾದ ನಮಗೂ ಇಲ್ಲ.

ಸರಿಯಾದ ಗುರುತಿಸುವಿಕೆ ಹೇಗಿರುತ್ತದೆ? ನಮ್ಮ ಚರಿತ್ರೆಯಲ್ಲೇ ಎರಡು ನಿದರ್ಶನಗಳಿವೆ. 1855ರಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ 14 ವರ್ಷದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ಮಹಾರ್ ಮತ್ತು ಮಾಂಗ್ ಜನರ ದುಃಖದ ಬಗ್ಗೆ ಮರಾಠಿಯಲ್ಲಿ ಒಂದು ಪ್ರಬಂಧ ಬರೆದಳು. ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅವಳ ವಯಸ್ಸು ಇವತ್ತಿನ ಒಂಬತ್ತನೇ ಕ್ಲಾಸಿನ ಹುಡುಗಿಯ ವಯಸ್ಸು. ಫುಲೆಯವರ ಶಾಲೆ ಅವಳಿಗೆ ಅಕ್ಷರ ಕೊಟ್ಟಿತು. ಏನು ಬರೆಯಬೇಕು ಅನ್ನೋದು ಅವಳಿಗೆ ಗೊತ್ತಿತ್ತು.

ಇನ್ನೊಂದು ಬಾಬಾಸಾಹೇಬರದು. ಮುಂಬಯಿಯ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸಲು ಅವರು ಬೋರ್ಡಿನ ಹತ್ತಿರ ಹೋದರೆ, ಬೋರ್ಡಿನ ಹಿಂದೆ ಇಟ್ಟ ಬುತ್ತಿ ಮೈಲಿಗೆ ಆಗುತ್ತದೆ ಅಂತ ಹುಡುಗರು ಎದ್ದು ಓಡಿದರು. ಸಂಸ್ಕೃತ ಕಲೀಬೇಕು ಅಂದರೆ ಕಲಿಸಲಿಲ್ಲ, ಪಾರಸಿ ಭಾಷೆ ತೆಗೆದುಕೊಳ್ಳಬೇಕಾಯಿತು. ಅದೇ ಊರಿನಲ್ಲಿ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಅನ್ನುವ ಮೇಷ್ಟ್ರು, ತೋಟದಲ್ಲಿ ಕೂತು ಓದುತ್ತಿದ್ದ ಈ ಹುಡುಗನನ್ನು ಮಾತಾಡಿಸಿದರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಮುಂದೆ ಓದಲು ದುಡ್ಡಿಲ್ಲದಾಗ ಬರೋಡಾ ಮಹಾರಾಜರ ಹತ್ತಿರ ಕರೆದುಕೊಂಡು ಹೋದರು, ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಬಂತು. 'ನೀನು ಇಂಥವನಾಗು' ಅಂತ ಆ ಮೇಷ್ಟ್ರು ಅಚ್ಚು ಹೊಯ್ಯಲಿಲ್ಲ. ಮಾತಾಡಿಸಿದರು, ಪುಸ್ತಕ ಕೊಟ್ಟರು, ದಾರಿಖರ್ಚಿಗೆ ಓಡಾಡಿದರು. ಶಕ್ತಿ ಗುರುತಿಸುವವರ ಕೆಲಸ ಅಲ್ಲಿಗೆ ಮುಗಿಯಬೇಕು. ಬುದ್ಧನ ಪುಸ್ತಕದಿಂದ ಆ ಹುಡುಗ ಎಲ್ಲಿಗೆ ನಡೆದ ಅನ್ನೋದನ್ನು 1956ರ ನಾಗಪುರ ನೋಡಿತು.

ಗೆಳೆಯರೆ, ಕಡ್ಡಾಯ ಶಿಕ್ಷಣದ ಕಾನೂನು 14 ವರ್ಷಕ್ಕೆ, ಎಂಟನೇ ಕ್ಲಾಸಿಗೆ ನಿಂತುಬಿಡುತ್ತದೆ. ಒಂಬತ್ತಕ್ಕೆ ಕಾಲಿಟ್ಟ ನಮ್ಮ ಐಕ್ಳು ಕಾನೂನಿನ ಕೊಡೆಯಿಂದ ಆಚೆ ನಿಂತಿದ್ದಾರೆ. ಒಂದು ಕಡೆ ಇಟ್ಟಿಗೆ ಗೂಡು, ಗಾರ್ಮೆಂಟ್ಸ್, ಮದುವೆ ಕರೀತಿವೆ. ಇನ್ನೊಂದು ಕಡೆ ಮೈಕಿನ ಭಾಷಣ. ಈ ಎರಡರ ನಡುವೆ ನಾವು ಹೋಗಿ ಕೂರಬೇಕು. ತಿಂಗಳಿಗೆ ಒಂದು ಭಾನುವಾರ ಆದರೂ ಸಾಕು. ಏನು ಬರ್ತದೆ ಅಂತ ಕೇಳೋದಕ್ಕಿಂತ ನಿನ್ನೆ ಇಡೀ ದಿನ ಏನೇನು ಮಾಡಿದೆ ಅಂತ ಕೇಳೋಣ. ಆ ಉತ್ತರದಲ್ಲಿ ಇರುವ ಲೆಕ್ಕ, ನ್ಯಾಯ, ಹಾಡು, ಹಟ ಎಲ್ಲಕ್ಕೂ ಅವರ ಎದುರಿಗೇ ಹೆಸರು ಇಡೋಣ. ಕೈಯಿಂದ ಕೈಗೆ ಪುಸ್ತಕ ದಾಟಿಸೋಣ. ಬಂದ್ ಆದ ಲ್ಯಾಬಿಗೆ, ಬಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆಯುವ ಕೆಲಸವನ್ನು ಅವರಿಂದಲೇ ಮಾಡಿಸೋಣ. ತಾಲ್ಲೂಕು ಆಫೀಸಿಗೆ ಒಂದು ಅರ್ಜಿ ಬರೆದು ಉತ್ತರ ಪಡೆದ ಹುಡುಗಿ ಮತ್ತೆ ಏನೂ ಬರಲ್ಲ ಅನ್ನಲಾರಳು.

ಆಮೇಲೆ ಅವಳು ನಮ್ಮನ್ನೇ ಪ್ರಶ್ನೆ ಕೇಳುತ್ತಾಳೆ. ನೀವು ಯಾಕೆ ನಮ್ಮ ಪರವಾಗಿ ಮಾತಾಡ್ತೀರಿ, ಮೈಕು ಇಲ್ಲಿ ಕೊಡಿ ಅಂತಾಳೆ. ಕೊಡಲು ನಾವು ತಯಾರಿರಬೇಕು.