ನ್ಯಾಯವಾದ ಹೊರೆ

ಗಾಡಿಯ ಮೇಲೆ ಎಷ್ಟು ಭಾರವನ್ನು ಹೇರಬಹುದೆಂಬುದನ್ನು ನಾವು ಸಾಮಾನ್ಯವಾಗಿ ಗಾಡಿಯವನ ವಿವೇಚನೆಗೆ ಬಿಟ್ಟುಬಿಡುವೆವು. ಜೈನಾಚಾರ್ಯರಾದರೋ ಅದನ್ನು ಗೃಹಸ್ಥಧರ್ಮದ ಪ್ರಶ್ನೆಯೆಂದೇ ಎಣಿಸಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳ, ಎಂದರೆ ವ್ರತದೋಷಗಳ, ಪೈಕಿ, ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು ಎಂಬಿವುಗಳ ತರುವಾಯ ನಾಲ್ಕನೆಯದಾಗಿ ಬರುವುದು ಅತಿಭಾರಾರೋಪಣ. ಕೊಲ್ಲುವ ಸಂಕಲ್ಪವು ಲೇಶಮಾತ್ರವೂ ಇಲ್ಲದ ಸಾಧುಸ್ವಭಾವದ ಗೃಹಸ್ಥನು ಕೂಡ ಇನ್ನೊಂದು ಮೂಟೆಯ ಆಸೆಯಿಂದ ತನ್ನ ವ್ರತಕ್ಕೆ ಕಲಂಕವನ್ನು ತಂದುಕೊಳ್ಳಬಲ್ಲನೆಂಬ ಈ ಎಚ್ಚರ ನನಗೆ ಬಹು ದೊಡ್ಡದಾಗಿ ತೋರುತ್ತದೆ.

ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅತಿಭಾರವನ್ನು ಅಹಿಂಸೆಯ ದೋಷಗಳಲ್ಲಿ ಹೇಳಿದುದಲ್ಲದೆ ಆಸ್ತಿಪಾಸ್ತಿಗೆ ಮಿತಿಯಿಡುವ ಪರಿಗ್ರಹಪರಿಮಾಣವ್ರತದ ದೋಷಗಳಲ್ಲಿಯೂ, ಲೋಭದ ಪಕ್ಕದಲ್ಲಿಯೇ, ಮತ್ತೊಮ್ಮೆ ಹೇಳಿದ್ದಾರೆ. ನೋವು ಎತ್ತಿನದು, ಲಾಭ ಒಡೆಯನದು. ಹೀಗಿರುವಲ್ಲಿ ಒಂದೇ ಕೃತ್ಯವು ಎರಡು ವ್ರತಗಳಿಗೂ ಉತ್ತರ ಹೇಳಬೇಕಾದುದು ಯುಕ್ತವೇ ಆಗಿದೆ.

ಆದರೆ ನ್ಯಾಯವಾದ ಹೊರೆಯನ್ನು ಅಳೆಯುವುದೆಂತು? ಬೆಳಗಿನ ತಂಪಿನಲ್ಲಿ, ಸಮನಾದ ಹಾದಿಯಲ್ಲಿ, ಹೊಟ್ಟೆತುಂಬ ಮೇದ ಎತ್ತು ಎಳೆದುದೇ ಅದರ ಶಕ್ತಿಯೆಂದು ನಂಬುವವನು ಮೊದಲನೆಯ ದಿಣ್ಣೆಯಲ್ಲಿಯೇ ಆ ಪ್ರಾಣಿಗೆ ಅನ್ಯಾಯಮಾಡುತ್ತಾನೆ. ಏಕೆಂದರೆ ಏರಿನಲ್ಲಿ ಭಾರವು ಹಿಂದಕ್ಕೆ ಜಗ್ಗುವುದು, ಇಳಿಜಾರಿನಲ್ಲಿ ಅದೇ ಭಾರವು ಹಿಂದಿನಿಂದ ನೂಕಿಕೊಂಡು ಬರುವುದು, ತಡೆದು ನಿಲ್ಲಿಸಬೇಕಾದವೂ ಆ ಎತ್ತುಗಳೇ. ಎರಡು ಚಕ್ರದ ಗಾಡಿಯಲ್ಲಿ ಹೇರು ಮುಂಭಾರವಾದರೆ ನೊಗವು ಹೆಗಲನ್ನು ಒತ್ತುವುದು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗವು ಗಂಟಲನ್ನು ಬಿಗಿಯುವುದು. ತೂಕದಲ್ಲಿ ಮಿತವಾದುದೂ ಇರಿಸಿದ ರೀತಿಯಿಂದ ಅತಿಯಾಗಬಲ್ಲದು. ಆದುದರಿಂದ ದಾರಿಯ ಅತ್ಯಂತ ಕಠಿನವಾದ ಸ್ಥಳವೇ, ಎತ್ತು ಅತ್ಯಂತ ದಣಿದಿರುವ ಗಳಿಗೆಯೇ ಅಳತೆಗೆ ಆಧಾರವಾಗಬೇಕು; ಉಳಿದ ಹಾದಿಯಲ್ಲೆಲ್ಲ ಗಾಡಿ ಹಗುರವಾಗಿ ಕಂಡರೆ ಅದನ್ನು ನಷ್ಟವೆಂದು ಎಣಿಸಲಾಗದು.

ನಮ್ಮ ಸರಕಾರವು 1965ರಲ್ಲಿ ಭಾರವೆಳೆಯುವ ಪ್ರಾಣಿಗಳಿಗಾಗಿ ರಚಿಸಿದ ನಿಯಮಗಳೂ ಈ ವಿವೇಕವನ್ನು ಬಲ್ಲವು. ಗಾಳಿಯ ಟೈರಿಲ್ಲದ ಎರಡು ಚಕ್ರದ ಗಾಡಿಗೆ, ಗಾಡಿಯ ತೂಕವೂ ಸೇರಿದಂತೆ, ಸಣ್ಣ ಎತ್ತಾದರೆ 500 ಕಿಲೋಗ್ರಾಂ, ದೊಡ್ಡದಾದರೆ 900 ಕಿಲೋಗ್ರಾಂ ಎಂದು ಅವು ಮಿತಿಯಿಟ್ಟಿವೆ. 30 ಮೀಟರಿಗೆ 3 ಮೀಟರಿಗಿಂತ ಹೆಚ್ಚು ಏರುವ ಹಾದಿ ಒಂದು ಕಿಲೋಮೀಟರು ಸಾಗುವುದಾದರೆ ಆ ಭಾರವನ್ನು ಅರ್ಧಕ್ಕೆ ಇಳಿಸಬೇಕು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದೆಂಬುದೂ ಅಲ್ಲಿದೆ. ಮಾತನಾಡಲಾರದ ಪ್ರಾಣಿಯ ಪರವಾಗಿ ಒಂದು ಸಂಖ್ಯೆಯಾದರೂ ನಿಂತುಕೊಂಡಿತಲ್ಲಾ ಎಂಬುದು ಸಣ್ಣ ಸಮಾಧಾನವಲ್ಲ.

ಆದರೂ ತೂಕದ ಕಟ್ಟಳೆಗೆ ಎತ್ತಿನ ಗಾತ್ರ ಕಾಣುವುದೇ ಹೊರತು ಅದರ ಹಸಿವು ಕಾಣದು. ಬೇಸಗೆಯಲ್ಲಿ ಮೇವನ್ನು ಕಡಿಮೆಮಾಡಿದ ಒಡೆಯನು ಕಟ್ಟಳೆಯೊಳಗಿನ ಹೊರೆಯನ್ನೇ ಹೇರಿದರೂ ಆ ಬಡಕಲು ಎತ್ತಿಗೆ ಅದು ಅತಿಭಾರವೇ. ಸೂತ್ರಕಾರರು ಅತಿಭಾರಾರೋಪಣದ ಬೆನ್ನಿಗೇ ಐದನೆಯ ಅತಿಚಾರವಾಗಿ ಅನ್ನಪಾನನಿರೋಧವನ್ನು, ಎಂದರೆ ಮೇವುನೀರುಗಳನ್ನು ತಡೆಯುವುದನ್ನು, ಹೇಳಿ ಆ ಸೂತ್ರವನ್ನು ಮುಗಿಸಿದ್ದಾರೆ.