ಒಂದು ಬೆಸುಗೆಯ ಲೆಕ್ಕ

ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಅಪಾಯಕಾರಿ ವಸ್ತುಗಳನ್ನು ನಿರ್ಬಂಧಿಸುವ ಯುರೋಪಿನ ‘ರೋಹ್ಸ್’ ನಿಯಮ 2006ರ ಜುಲೈ 1ರಿಂದ ಜಾರಿಯಲ್ಲಿದೆ. ಸೀಸ, ಪಾದರಸ ಮೊದಲಾದವು 0.1%, ಕ್ಯಾಡ್ಮಿಯಂ 0.01% ಮೀರುವಂತಿಲ್ಲ. ಪುಣೆಯ ಒಂದು ಕಾರ್ಖಾನೆಯಲ್ಲಿ ಇದರ ಕಡತ ನೋಡಿಕೊಳ್ಳುವುದು ನನ್ನ ಕೆಲಸ.

ಹೊಸದಾಗಿ ಸೇರಿದವರು ಈ ಶೇಕಡಾವಾರನ್ನು ಇಡೀ ಉಪಕರಣದ ತೂಕಕ್ಕೆ ಹಿಡಿದು ಲೆಕ್ಕ ಹಾಕುತ್ತಾರೆ. ನಿಯಮ ಹಾಗಿಲ್ಲ. ಕತ್ತರಿಸಿ, ಬಿಚ್ಚಿ, ಉಜ್ಜಿ, ಇನ್ನು ಬೇರ್ಪಡಿಸಲಾಗದ ಪ್ರತಿಯೊಂದು ವಸ್ತುವಿಗೂ ಮಿತಿ ಪ್ರತ್ಯೇಕ. ಸ್ಕ್ರೂ ಒಳಗಿನ ಉಕ್ಕು ಒಂದು, ಮೇಲಿನ ತೆಳು ಲೇಪ ಇನ್ನೊಂದು. ಹಳೇ ಕಾಲದ ತವರ-ಸೀಸದ ಬೆಸುಗೆಯಲ್ಲಿ 37% ಸೀಸ ಇರುತ್ತಿತ್ತು. ಎರಡು ಕಿಲೋದ ಪೆಟ್ಟಿಗೆಯಲ್ಲಿ ಅಂಥ ಒಂದು ಚುಕ್ಕೆ ಸಿಕ್ಕರೂ ಪೆಟ್ಟಿಗೆಯ ತೂಕ ತೋರಿಸಿ ಪಾರಾಗಲು ಬರುವುದಿಲ್ಲ.

ಇದು ಬರೀ ತಾಂತ್ರಿಕ ವ್ಯಾಖ್ಯೆ ಎಂದು ನನಗನಿಸುವುದಿಲ್ಲ. ಕೆಡುಕನ್ನು ಸರಾಸರಿಯಲ್ಲಿ ಕರಗಿಸಿ ಸಣ್ಣದು ಮಾಡಬೇಡಿ ಎನ್ನುತ್ತಿದೆ ಅದು. ದೆಹಲಿಯ ಸೀಲಂಪುರದಲ್ಲಿ ಹಳೇ ಬೋರ್ಡು ಕಾಯಿಸಿ ಬಿಡಿಭಾಗ ಕೀಳುವವನ ಮೂಗಿಗೆ ಸರಾಸರಿ ಬಡಿಯುವುದಿಲ್ಲ. ಬಡಿಯುವುದು ಆ ಬೆಸುಗೆಯ ಹೊಗೆ.

ಆದರೆ ವಸ್ತುವಿನಲ್ಲಿ ಒಪ್ಪದ ಸರಾಸರಿಯನ್ನು ಮನುಷ್ಯರ ವಿಷಯದಲ್ಲಿ ನಾವು ಒಪ್ಪಿಕೊಂಡೆವು. ಭಾರತದಲ್ಲಿ ಇಂಥ ಮಿತಿ ಜಾರಿಗೆ ಬಂದದ್ದು 2014ರ ಮೇ 1ರಂದು. ನಡುವಿನ ಎಂಟು ವರ್ಷ, ಹೊರದೇಶಕ್ಕೆ ಹೋಗುವ ಬೋರ್ಡಿಗೆ ಸೀಸವಿಲ್ಲದ ಬೆಸುಗೆ, ಇಲ್ಲಿಯದಕ್ಕೆ ಸೀಸದ್ದು ಎಂದು ಎರಡು ಸಾಲು ನಡೆಸಲು ಕಾನೂನಿನ ಅಡ್ಡಿಯಿರಲಿಲ್ಲ. ಕಾನೂನೇ ಇಲ್ಲದ ಮೇಲೆ ತಪ್ಪೆಲ್ಲಿ ಎಂದು ಈಗಲೂ ವಾದಿಸುವವರಿದ್ದಾರೆ. ಒಪ್ಪಲಾರೆ. ಸೀಸವಿಲ್ಲದೆ ಮಾಡುವ ವಿದ್ಯೆ ಕೈಗೆ ಬಂದ ದಿನವೇ ಹೊಣೆಯೂ ಬಂದಿತ್ತು. ಖರ್ಚು ಹೆಚ್ಚು ನಿಜ. 183 ಡಿಗ್ರಿಗೆ ಕರಗುತ್ತಿದ್ದ ಬೆಸುಗೆಯ ಜಾಗದಲ್ಲಿ 217ಕ್ಕೆ ಕರಗುವುದು ಬಂತು, ಒಲೆಯಿಂದ ಹಿಡಿದು ಎಲ್ಲ ಬದಲಾಗಬೇಕು. ಆ ಖರ್ಚನ್ನು ಒಬ್ಬ ಗಿರಾಕಿಗಾಗಿ ಮಾಡಿದವರಿಗೆ ಇನ್ನೊಬ್ಬನಿಗಾಗಿ ಮಾಡಲಾಗಲಿಲ್ಲ ಎನ್ನುವ ಮಾತು ಹೇಗೆ ಒಪ್ಪುತ್ತದೆ?

ವಿನಾಯಿತಿಗಳೂ ಉಂಟು. ತಾಮ್ರದ ಮಿಶ್ರಲೋಹಗಳಲ್ಲಿ, ಅಂದರೆ ನಮ್ಮ ಹಿತ್ತಾಳೆಯಲ್ಲೂ, ಸೀಸ 4% ತನಕ ಇರಬಹುದು. ಸೀಸವಿದ್ದರೆ ಲೋಹ ಕಡೆಯಲು ಸಲೀಸು. ಕೆಲವಕ್ಕೆ ನಿಜಕ್ಕೂ ಪರ್ಯಾಯ ಸಿಕ್ಕಿಲ್ಲ, ತಕರಾರಿಲ್ಲ. ಆದರೆ ವಿನಾಯಿತಿ ಕೇಳಿ ಅರ್ಜಿ ಹಾಕುವವರು ತಯಾರಕರು. ಸೀಲಂಪುರದವನ ಅರ್ಜಿ ಆ ಮೇಜಿಗೆ ಹೋಗುವ ದಾರಿಯೇ ಇಲ್ಲ.

ಮೊನ್ನೆ ಒಬ್ಬ ಪೂರೈಕೆದಾರ ಹಳದಿ ಲೇಪದ ಸ್ಕ್ರೂಗಳ ಜೊತೆ ‘ಪಾಸ್’ ಎಂಬ ವರದಿ ಕಳಿಸಿದ. ಲೇಪ ಸಮೇತ ಇಡೀ ಸ್ಕ್ರೂವನ್ನು ಕರಗಿಸಿ ಪರೀಕ್ಷಿಸಿದ್ದರು. ಅಂಥ ಹಳದಿ ಲೇಪದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದುಂಟು, ಉಕ್ಕಿನ ತೂಕದಲ್ಲಿ ಅದು ಕಾಣೆಯಾಗುತ್ತದೆ. ಲೇಪದ್ದೇ ಬೇರೆ ವರದಿ ಬೇಕು ಎಂದೆ. ಎಂಟಾಣೆ ಸ್ಕ್ರೂಗೆ ಇಷ್ಟೆಲ್ಲ ಯಾರು ನೋಡುತ್ತಾರೆ ಸಾಹೇಬ್ರೇ ಎಂದು ಹಿಂದಿಯಲ್ಲಿ ನಕ್ಕ. ವರದಿ ಇನ್ನೂ ಬಂದಿಲ್ಲ. ಸ್ಕ್ರೂ ಚೀಲಗಳು ಗೋದಾಮಿನಲ್ಲೇ ಇವೆ.